ಕ್ರ್ಯಾಂಕ್ ಶಾಫ್ಟಿನ ಪ್ಲಗ್ ಬಿಚ್ಚದೆ ಎಂಜಿನ್ ಕಟ್ಟಬೇಡಿ

ಮಾನ್ಯ ಕೇಳುಗರಿಗೆ ನಮಸ್ಕಾರ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ, ಬೈತಖೋಲ ಬಂದರಿನಲ್ಲಾಗಲಿ ತದಡಿ ಬಂದರಿನಲ್ಲಾಗಲಿ ಎಂಜಿನ್ ಬಿಚ್ಚಿ ಕಟ್ಟುವ ದೊಡ್ಡ ಕೆಲಸಗಳು ಈ ಮಳೆಯಲ್ಲೇ ಮುಗಿಯಬೇಕು. ಆ ಅವಸರದಲ್ಲಿ ಬಿಟ್ಟುಹೋಗುವ ಒಂದು ಚಿಕ್ಕ ಕೆಲಸದ ಬಗ್ಗೆ ಇಂದು ಮಾತನಾಡುತ್ತೇನೆ.

ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿಸುವ ದಂಡವೇ ಕ್ರ್ಯಾಂಕ್ ಶಾಫ್ಟ್. ಅದರಲ್ಲಿ ಬೇರಿಂಗಿಗೆ ಕೂರುವ ನಯವಾದ ಭಾಗಗಳಿಗೆ ಜರ್ನಲ್ ಎನ್ನುತ್ತೇವೆ. ಎಂಜಿನ್ನಿನ ಒಡಲಲ್ಲಿ ಕೂರುವ ಮೇನ್ ಜರ್ನಲ್‌ಗೆ ಬಂದ ಆಯಿಲ್, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ಬೇರಿಂಗನ್ನು ತಲುಪುವುದು ಶಾಫ್ಟಿನ ಒಡಲೊಳಗೆ ಕೊರೆದ ರಂಧ್ರಗಳ ಮೂಲಕ. ಅನೇಕ ಎಂಜಿನ್‌ಗಳಲ್ಲಿ ಈ ರಂಧ್ರಗಳ ಹೊರಬಾಯಿಯನ್ನು ಪ್ಲಗ್ ಹಾಕಿ ಮುಚ್ಚಿರುತ್ತಾರೆ. ಶಾಫ್ಟ್ ತಿರುಗುವಾಗ ಆಯಿಲ್‌ನಲ್ಲಿರುವ ಭಾರದ ಕಣಗಳೆಲ್ಲ ಹೊರಗಡೆಗೆ ಸರಿದು, ವರ್ಷಗಟ್ಟಲೆ ಆ ಪ್ಲಗ್‌ನ ಬೆನ್ನಿಗೇ ಕೂರುತ್ತವೆ. ಶಾಫ್ಟನ್ನು ಗ್ರೈಂಡಿಂಗಿಗೆ ಕೊಟ್ಟರೆ ಕಲ್ಲಿನ ಪುಡಿಯೂ ಅಲ್ಲಿಗೇ ಸೇರುತ್ತದೆ.

ಕೆಲಸ ಕಲಿತ ಹೊಸತರಲ್ಲಿ ನಾನು ಡೀಸೆಲ್ ಹಾಯಿಸಿ, ಗಾಳಿ ಹೊಡೆದು, ಅಷ್ಟೇ ಸಾಕೆಂದುಕೊಂಡು ಒಂದು ಎಂಜಿನ್ ಕಟ್ಟಿಕೊಟ್ಟೆ. ಆಗಸ್ಟಿನ ಮೊದಲ ವಾರವೇ ಆ ದೋಣಿ ದೇವಗಡದ ದೀಪಸ್ತಂಭದ ಆಚೆ ನಿಂತುಹೋಗಿ, ಮತ್ತೊಂದು ದೋಣಿ ಅದನ್ನು ಎಳೆದುತಂದಿತು. ಬಿಚ್ಚಿ ನೋಡಿದರೆ ಹೊಸ ಬೇರಿಂಗಿನ ತುಂಬ ಗೀರುಗಳು. ಪ್ಲಗ್ ತೆಗೆದಾಗ ಕಾಡಿಗೆಯಂಥ ಗಟ್ಟಿ ಮಸಿ ಬೆರಳಿಗೆ ಮೆತ್ತಿಕೊಂಡಿತು. ಬೆರಳುಜ್ಜಿದರೆ ಅದರೊಳಗೆ ಮರಳಿನಂತೆ ಕರಕರ ಸಿಗುತ್ತಿತ್ತು. ದೋಣಿ ನಡೆಸುವ ತಾಂಡೇಲರು ನನಗೆ ಒಂದು ಮಾತೂ ಆಡಲಿಲ್ಲ. ಅಂದಿನಿಂದ ಪ್ಲಗ್ ಬಿಚ್ಚದೆ ನಾನು ಶಾಫ್ಟ್ ಕೂರಿಸಿಲ್ಲ.

ಪ್ಲಗ್ ಸಡಿಲವಾಗದಂತೆ ಅಂಚಿನಲ್ಲಿ ಪಂಚ್ ಹೊಡೆದು ಗುಳಿ ಮಾಡಿರುತ್ತಾರೆ. ಆ ಗುರುತನ್ನು ಡ್ರಿಲ್ಲಿನಿಂದ ಮೇಲುಮೇಲಕ್ಕೆ ತೆಗೆದ ನಂತರವೇ ಅಲೆನ್ ಕೀ ಹಾಕಬೇಕು. ಇಲ್ಲವಾದರೆ ಕೀ ಕೂರುವ ಮೂಲೆಗಳು ಸವೆದು ಕೆಲಸ ಎರಡರಷ್ಟಾಗುತ್ತದೆ. ಜಗ್ಗದಿದ್ದರೆ ಪ್ಲಗ್‌ಗೆ ಮಾತ್ರ ತುಸು ಬಿಸಿ ಕೊಟ್ಟು, ಮೇಣ ಮುಟ್ಟಿಸಿ ತಿರುಗಿಸಿ. ಗ್ಯಾಸಿನ ಜ್ವಾಲೆ ಜರ್ನಲ್‌ಗೆ ತಾಗಿದರೆ ಅದರ ಗಡಸುತನವೇ ಹೋಗುತ್ತದೆ. ತೆರೆದ ರಂಧ್ರಕ್ಕೆ ಉದ್ದ ಬ್ರಷ್ ಹಾಕಿ, ಬಿಳಿ ಬಟ್ಟೆಗೆ ಕಪ್ಪು ತಾಗದಷ್ಟು ಹೊತ್ತು ಸೀಮೆಎಣ್ಣೆಯಲ್ಲಿ ಉಜ್ಜಿರಿ.

ಪ್ಲಗ್ ಕೂರುವ ರಂಧ್ರದ ಥ್ರೆಡ್ ಕೆಟ್ಟಿದ್ದರೆ, ಥ್ರೆಡ್ ಕೊರೆಯುವ ಟ್ಯಾಪ್ ಹಾಯಿಸಿ. ಪೂರಾ ಹೋಗಿದ್ದರೆ ಮುಂದಿನ ಅಳತೆಗೆ ಟ್ಯಾಪ್ ಮಾಡಿ ಅದಕ್ಕೊಪ್ಪುವ ಪ್ಲಗ್ ಹಾಕಿ. ಶಾಫ್ಟ್ ತಿರುಗುವ ನಡುವಿನಿಂದ 5 ಸೆಂಟಿಮೀಟರ್ ದೂರದಲ್ಲಿರುವ ಬರೀ 10 ಗ್ರಾಂ ಪ್ಲಗ್, ನಿಮಿಷಕ್ಕೆ 1800 ಸುತ್ತಿನಲ್ಲಿ ಸುಮಾರು 1.8 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತಿರುತ್ತದೆ. ಆಯಿಲ್ ಒತ್ತಡ ಅದರ ಮೇಲಿನದು. ಹಾಗಾಗಿ ಥ್ರೆಡ್ಡಿನ ಜಿಡ್ಡು ಪೂರ್ತಿ ತೆಗೆದು, ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟಾದ ಥ್ರೆಡ್ ಲಾಕರ್ ಹಚ್ಚಿ ಬಿಗಿದು, ಅಂಚಿಗೆ ಮತ್ತೆ ಪಂಚ್ ಹೊಡೆಯಬೇಕು. ಟೆಫ್ಲಾನ್ ಟೇಪ್ ಮಾತ್ರ ಸುತ್ತಲೇಬೇಡಿ, ಅದರ ಎಳೆ ಕಳಚಿ ಆಯಿಲ್ ದಾರಿಗೆ ಅಡ್ಡ ಕೂರುತ್ತದೆ. ಪ್ಲಗ್ ಅತಿ ಆಳಕ್ಕೆ ಇಳಿದರೆ ಆಯಿಲ್ ಹಾಯುವ ಅಡ್ಡರಂಧ್ರವನ್ನೇ ಮುಚ್ಚೀತು ಎಂಬುದನ್ನೂ ನೋಡಿಕೊಳ್ಳಿ.

ಕೊನೆಗೆ ಮೇನ್ ಜರ್ನಲ್‌ನ ರಂಧ್ರದಿಂದ ಆಯಿಲ್ ಕ್ಯಾನಿನಲ್ಲಿ ಒತ್ತಿ. ರಾಡಿನ ಜರ್ನಲ್‌ನಲ್ಲಿ ಆಯಿಲ್ ಹೊರಬಂದೊಡನೆ ಆ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಇನ್ನೊಮ್ಮೆ ಒತ್ತಿದಾಗ ಪ್ಲಗ್‌ನ ಅಂಚು ಒಣಗಿಯೇ ಇರಬೇಕು. ಶಾಫ್ಟನ್ನು ಆ ದಿನವೇ ಕೂರಿಸದಿದ್ದರೆ ಜರ್ನಲ್‌ಗಳಿಗೆಲ್ಲ ಆಯಿಲ್ ಬಳಿದು ಪ್ಲಾಸ್ಟಿಕ್ ಸುತ್ತಿಡಿ; ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ನಮಸ್ಕಾರ.