ಕೀಮೋ ಮುಂದಕ್ಕ ಹೋದ್ರ ಅಂಜಬ್ಯಾಡ್ರಿ, ರಾತ್ರಿ ಜ್ವರಕ್ಕ ಅಂಜ್ರಿ

ಕ್ಯಾನ್ಸರಿಗೆ ಕೀಮೋ ತಗೊಳ್ಳೋ ಮಂದಿ ರಾಯಚೂರಿನಿಂದ ರಾತ್ರಿ ರೈಲಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರಿಗೆ ಹೋಗ್ತಾರ. ಮುಂಜಾನೆ ರಕ್ತ ಕೊಡ್ತಾರ. ಮಧ್ಯಾಹ್ನ "ಕೌಂಟ್ ಕಮ್ಮಿ ಇದೆ, ಮುಂದಿನ ವಾರ ಬನ್ನಿ" ಅಂದ್ರ ಮನೆಮಂದಿ ಎದೆ ಒಡಕೊಂಡು ಕೂಡ್ತಾರ. ಅದೇ ಮನೆಮಂದಿ, ಕೀಮೋ ಆಗಿ ಹತ್ತನೇ ದಿನ ರಾತ್ರಿ ಮೈ ಕಾದ್ರ, "ಬಿಸಿಲು ಭಾಳ ಅದ, ಒಂದು ಗುಳಿಗಿ ನುಂಗಿ ಮಲ್ಕೊ" ಅಂತಾರ. ನಮ್ಮ ಕಡೆ ಅಂಜಿಕಿ ಉಲ್ಟಾ ಆಗ್ಯದ.

ಕೀಮೋ ಔಷಧ ಬೇಗ ಬೆಳೆಯೋ ಕಣಗಳನ್ನ ಹೊಡೀತದ. ಎಲುಬಿನ ಮಜ್ಜೆಯೊಳಗ ಹುಟ್ಟೋ ಬಿಳಿ ರಕ್ತಕಣಕ್ಕೂ ಆ ಪೆಟ್ಟು ಬೀಳ್ತದ. ಬಹಳಷ್ಟು ಔಷಧಗಳಿಗೆ 7ರಿಂದ 14ನೇ ದಿನದೊಳಗ ಕೌಂಟ್, ಅಂದ್ರ ಬಿಳಿಕಣಗಳ ಸಂಖ್ಯೆ, ತಳ ಮುಟ್ತದ, ಆಮೇಲೆ ಏರ್ತದ. ರಿಪೋರ್ಟಿನಾಗ ಒಟ್ಟು ಬಿಳಿಕಣ 2,400, ನ್ಯೂಟ್ರೋಫಿಲ್ (ಸೋಂಕಿನ ಜೋಡಿ ಹೊಡೆದಾಡೋ ಬಿಳಿಕಣ) 30 ಪರ್ಸೆಂಟ್ ಅಂತಿದ್ರ, ಗುಣಿಸಿ ನೋಡ್ರಿ: ನ್ಯೂಟ್ರೋಫಿಲ್ 720. ಸಾಮಾನ್ಯವಾಗಿ 1,000ದಿಂದ 1,500 ಇದ್ರನೇ ಮುಂದಿನ ಡೋಸ್. ಔಷಧ, ಕಾಯಿಲೆ ನೋಡಿ ಡಾಕ್ಟರು ಈ ಗೆರೆ ಬದಲಿಸ್ತಾರ. ಒಂದು ವಾರ ತಡ ಮಾಡೋದು ಚಿಕಿತ್ಸೆಯ ಲೆಕ್ಕದೊಳಗೇ ಇರ್ತದ. ರೈಲಿನ ಖರ್ಚು ಉಳೀಬೇಕಂದ್ರ, ಹೊರಡೋ ಹಿಂದಿನ ದಿನ ಊರಾಗೇ ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ಮಾಡಿಸಿ ವಾರ್ಡಿಗೆ ಫೋನ್ ಮಾಡ್ರಿ. ಹೊರಗಿನ ರಿಪೋರ್ಟ್ ನಡೀತದೇನು ಅಂತ ಮೊದಲೇ ಕೇಳಿಟ್ಕೊಳ್ರಿ. ಪಪ್ಪಾಯಿ ಎಲಿ ರಸ ಬ್ಯಾಡ. ನ್ಯೂಟ್ರೋಫಿಲ್ ಏರಿಸ್ತದ ಅನ್ನೋದಕ್ಕ ಗಟ್ಟಿ ಪುರಾವೆ ಇಲ್ಲ, ಹಸಿ ಎಲಿಯ ಹೊಲಸು ಮಾತ್ರ ಹೊಟ್ಟಿಗೆ ಹೋಗ್ತದ.

ಈಗ ಜ್ವರ. ಬಿಳಿಕಣ ಇಲ್ಲದಾಗ ಕೀವು, ಬಾವು ಸರಿಯಾಗಿ ಕಾಣಂಗಿಲ್ಲ. ಸೋಂಕಿಗೆ ಜ್ವರ ಒಂದೇ ಗುರುತಾಗಿ ಉಳೀಬಹುದು. ಪ್ಯಾರಾಸಿಟಮಾಲ್ ಆ ಗುರುತನ್ನೂ ಅಳಿಸ್ತದ. ಹಣಿ ಮುಟ್ಟಿ ನಿರ್ಧಾರ ಮಾಡಬ್ಯಾಡ್ರಿ, ಏಪ್ರಿಲ್‌ನಾಗ ನಮ್ಮೂರಿನ ಗ್ವಾಡಿನೂ ಬಿಸಿನೇ ಇರ್ತದ. ಡಿಜಿಟಲ್ ಥರ್ಮಾಮೀಟರ್ ನಾಲಗಿ ಕೆಳಗ ಇಡ್ರಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ಜ್ವರ ಇಲ್ದೇ ಗಡಗಡ ನಡುಕ ಬಂತೋ, ಬೆಳಗಾಗೋದು ಕಾಯಬ್ಯಾಡ್ರಿ.

ಬೆಂಗಳೂರಿಗೆ ಹೊರಡೋದು ಇನ್ನೊಂದು ದೊಡ್ಡ ತಪ್ಪು. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಮೆಡಿಕಲ್ ಕಾಲೇಜ್ (ಜನರ ಬಾಯಾಗ ಇನ್ನೂ ವಿಮ್ಸ್), ಯಾವುದು ಹತ್ರವೋ ಅಲ್ಲಿಗೆ. ಗಾಡಿ ಇಲ್ಲಂದ್ರ 108. ಓಪಿಡಿ ಚೀಟಿ ಸಾಲಿನಾಗ ನಿಲ್ಲದೇ ಸೀದಾ ಎಮರ್ಜೆನ್ಸಿಗೆ ಹೋಗಿ, ಮೊದಲನೇ ಮಾತೇ "ಕೀಮೋ ಆಗಿ ಹತ್ತು ದಿನ, ಜ್ವರ ಬಂದದ" ಅನ್ರಿ, ಫೈಲ್ ಕೈಗೆ ಕೊಡ್ರಿ. ಸಿಬಿಸಿ, ಬ್ಲಡ್ ಕಲ್ಚರಿಗೆ (ರಕ್ತದಾಗ ರೋಗಾಣು ಹುಡುಕೋ ಟೆಸ್ಟ್) ರಕ್ತ ತಗೊಂಡು ಒಂದು ತಾಸಿನೊಳಗ ನರಕ್ಕ ಆಂಟಿಬಯೋಟಿಕ್ ಬೀಳಬೇಕು. ಬೆಂಗಳೂರಿನ ಡಾಕ್ಟರ ಜೋಡಿ ಅಲ್ಲಿಂದನೇ ಫೋನಿನಾಗ ಮಾತಾಡಿಸ್ರಿ.

ಕೌಂಟ್ ಏರಿಸೋ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಬರೆದುಕೊಟ್ಟಿದ್ರ, ಕೀಮೋ ಮುಗಿದು 24 ತಾಸು ಆದ ಮ್ಯಾಲೇ ಶುರು. ಅದನ್ನ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗ ಇಡಬೇಕು. ಬೈಕಿನ ಡಿಕ್ಕಿಯಾಗ ತಂದ್ರ ಕೆಡ್ತದ, ಬರ್ಫಿಗೆ ತಾಗಿಸಿಟ್ರ ಹೆಪ್ಪುಗಟ್ತದ; ನಡುವ ಬಟ್ಟಿ ಸುತ್ರಿ. ಚುಚ್ಚಿದ ಮ್ಯಾಲ ಸೊಂಟ, ಎಲುಬು ನೋಯೋದು ಸಹಜ. ಆ ನೋವಿಗೂ ಗುಳಿಗಿ ನುಂಗೋ ಮುಂಚೆ ಥರ್ಮಾಮೀಟರ್ ಇಟ್ಟು ನೋಡಿ, ವಾರ್ಡಿಗೆ ಕೇಳ್ರಿ.