ಕಿವಿ ಹಿಂದಿನ ಚುಕ್ಕೆ

ಬೈತಲೆ ನೋಡಿ, ಮತ್ತೆ ಬೆಳ್ಳಗಾಗಿದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಈ ಗೆರೆ ಬಂದೇ ಬರುತ್ತದೆ. ಮುಂಚೆ ಆಗಿದ್ದರೆ ಇವತ್ತೇ ಬಣ್ಣ ಮೆತ್ತಿಕೊಂಡು ಕೂರುತ್ತಿದ್ದೆ. ಈಗ ಅಲರ್ಜಿ ಆಗುತ್ತದಾ ಅಂತ ನೋಡಲು ಕಿವಿ ಹಿಂದೆ ಅದೇ ಬಣ್ಣದ ಒಂದು ಚುಕ್ಕೆ ಇಟ್ಟು 48 ಗಂಟೆ ಕಾಯುತ್ತೇನೆ.

ಈ ತಾಳ್ಮೆ ಸುಮ್ನೆ ಬಂದಿದ್ದಲ್ಲ. ಒಮ್ಮೆ 'ಕಪ್ಪು ಮೆಹೆಂದಿ' ಅಂತ ಬರೆದಿದ್ದ ಪ್ಯಾಕೆಟ್ ತಂದೆ. ಎಲೆ ಪುಡಿ ಅಲ್ವಾ, ಏನಾಗುತ್ತೆ ಅಂದುಕೊಂಡೆ. ಮಾರನೇ ದಿನ ಹಣೆಯ ಅಂಚೆಲ್ಲ ಕೆಂಪು, ಕಣ್ಣಿನ ರೆಪ್ಪೆ ಊದಿಕೊಂಡಿತ್ತು. ಡಾಕ್ಟರು ಪ್ಯಾಕೆಟ್ ತಿರುಗಿಸಿ ಸಣ್ಣಕ್ಷರ ತೋರಿಸಿದರು: ಪ್ಯಾರಾ-ಫಿನೈಲೀನ್‌ಡಯಮಿನ್. ಚಿಕ್ಕದಾಗಿ ಪಿಪಿಡಿ. ಡೈಗಳಲ್ಲಿ ಕಪ್ಪು ಬಣ್ಣ ಕೊಡುವುದು ಹೆಚ್ಚಾಗಿ ಇದೇ. ಕಪ್ಪು ಮೆಹೆಂದಿ ಅಂತ ಗಿಡವೇ ಇಲ್ಲ! ಮೆಹೆಂದಿ ಎಲೆಯಲ್ಲಿರುವ ಲಾಸೋನ್ ಕೊಡುವುದು ಕೆಂಪು-ಕಿತ್ತಳೆ ಬಣ್ಣ ಮಾತ್ರ. ಬರೀ ಮೆಹೆಂದಿ ಎಲೆ ಪುಡಿ ಅಂತ ಹೇಳಿ ಕಡು ಕಪ್ಪು ಬರುತ್ತದೆ ಅಂದರೆ, ಒಳಗೆ ಬೇರೆ ಏನೋ ಇದೆ ಅಂತಲೇ ಲೆಕ್ಕ.

ಪಿಪಿಡಿಗೆ ಒಮ್ಮೆ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಮುಂದಿನ ಸಲ ಇನ್ನೂ ಜೋರಾಗಬಹುದು. ಹಾಗಾಗಿ ನಾನು ಆ ಕಡೆ ಹೋಗುವುದೇ ಇಲ್ಲ. ಮೊದಲು ಮೆಹೆಂದಿ, ತೊಳೆದ ಮೇಲೆ ನೀಲಿ ಗಿಡದ ಎಲೆ ಪುಡಿ, ಅಂದರೆ ಇಂಡಿಗೊ. ಮೆಹೆಂದಿ ಕಲಸಿ ಕೆಲವು ಗಂಟೆ ಬಿಡಬೇಕು. ಇಂಡಿಗೊ ಮಾತ್ರ ಕಲಸಿ ಹೆಚ್ಚು ಹೊತ್ತು ಬಿಡಬಾರದು, ಬಿಟ್ಟರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಅರ್ಧ ದಿನ ಹೋಗುತ್ತದೆ, ಒಪ್ಪುತ್ತೇನೆ.

ನನ್ನ ತಂಗಿಗೆ ಇಷ್ಟೆಲ್ಲ ಪುರುಸೊತ್ತಿಲ್ಲ, ಅವಳದು ಬಾಕ್ಸ್ ಡೈ, ಅಂದರೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಬಣ್ಣ. ತಪ್ಪೇನಿಲ್ಲ. ಅಮೋನಿಯಾ ಕೂದಲಿನ ಹೊರಪದರ ಬಿಚ್ಚುತ್ತದೆ, ಪೆರಾಕ್ಸೈಡ್ ಒಳಗೆ ಬಣ್ಣ ಮೂಡಿಸುತ್ತದೆ. 'ಅಮೋನಿಯಾ ಇಲ್ಲ' ಅಂತ ಬರೆದಿದ್ದರೆ ಘಾಟು ಕಡಿಮೆ, ಅಷ್ಟೇ. ಪಿಪಿಡಿ ಇರಬಹುದು. ಅವಳೂ ಪ್ರತಿ ಸಲ ಚುಕ್ಕೆ ಇಟ್ಟೇ ಹಚ್ಚುತ್ತಾಳೆ. ಹೋದ ಸಲ ಏನೂ ಆಗಲಿಲ್ಲ ಅಂದರೆ ಈ ಸಲವೂ ಆಗಲ್ಲ ಅಂತೇನಿಲ್ಲ, ವರ್ಷಗಟ್ಟಲೆ ಹಚ್ಚಿದವರಿಗೂ ಅಲರ್ಜಿ ಶುರುವಾಗುತ್ತದೆ. ಕೈಗೆ ಗ್ಲೌಸ್ ಬೇಕೇ ಬೇಕು. ನೆತ್ತಿ ಮೇಲೆ ಗಾಯವಿದ್ದರೆ ಬೇಡ. ಹುಬ್ಬಿಗಂತೂ ಮುಟ್ಟಿಸಲೇಬೇಡಿ, ಕಣ್ಣಿಗೆ ಅಪಾಯ.

ಈಗ ಎರಡು ದಿನ ಆಯಿತು. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಕಿತ್ತಳೆ ಕಲೆ ಇದೆ, ತುರಿಕೆ ಇಲ್ಲ, ಊತ ಇಲ್ಲ. ಸರಿ, ಹಳೇ ಟೀ ಶರ್ಟ್ ಹಾಕಿಕೊಂಡು ಬರುತ್ತೇನೆ.