ಪರದೈವ ಯಾರು? ಶಾಸ್ತ್ರಗಳು ಕೊಡುವ ಬೇರೆ ಬೇರೆ ಉತ್ತರಗಳು

(ಪರದೆ: ನದೀತೀರದ ಯಾಗಶಾಲೆಯ ಚಿತ್ರ)

ನಮಸ್ಕಾರ. ಸರಸ್ವತೀ ನದಿಯ ದಡದಲ್ಲಿ ಸತ್ರಯಾಗಕ್ಕೆ ಕುಳಿತ ಋಷಿಗಳಿಗೆ ತ್ರಿಮೂರ್ತಿಗಳಲ್ಲಿ ಯಾರು ದೊಡ್ಡವರೆಂಬ ಸಂದೇಹ ಬಂದ ಕಥೆ ಭಾಗವತದ ಹತ್ತನೆಯ ಸ್ಕಂಧದಲ್ಲಿದೆ. ಪರೀಕ್ಷಿಸಲು ಹೊರಟ ಭೃಗು ನಮಸ್ಕರಿಸದೆ ನಿಂತಾಗ ಬ್ರಹ್ಮನಿಗೆ ಸಿಟ್ಟು ಬರುತ್ತದೆ. ಅಪ್ಪಿಕೊಳ್ಳಲು ಬಂದ ಶಿವನನ್ನು ಅವನು ದೂರವಿಟ್ಟಾಗ ಶಿವ ತ್ರಿಶೂಲವನ್ನೆತ್ತುತ್ತಾನೆ, ಪಾರ್ವತಿ ಕಾಲು ಹಿಡಿದು ಸಮಾಧಾನಪಡಿಸಬೇಕಾಗುತ್ತದೆ. ಎದೆಗೆ ಒದೆಸಿಕೊಂಡ ವಿಷ್ಣು ಮಾತ್ರ ಎದ್ದು ನಮಸ್ಕರಿಸಿ, ಕೋಮಲವಾದ ನಿಮ್ಮ ಪಾದಕ್ಕೆ ನೋವಾಗಿರಬೇಕೆಂದು ಕಾಲನ್ನು ಒತ್ತುತ್ತಾನೆ. ಋಷಿಗಳ ಸಂದೇಹ ಅಲ್ಲಿಗೆ ಪರಿಹಾರವಾಗುತ್ತದೆ.

ಶಿವಪುರಾಣದಲ್ಲಿ ತೀರ್ಪು ಬೇರೆ. ಆದಿ ಅಂತ್ಯ ಕಾಣದ ಅಗ್ನಿಸ್ತಂಭದ ಬುಡವನ್ನು ಹುಡುಕಿ ವಿಷ್ಣು ವರಾಹನಾಗಿ ಕೆಳಗಿಳಿಯುತ್ತಾನೆ, ತುದಿಯನ್ನು ಹುಡುಕಿ ಬ್ರಹ್ಮ ಹಂಸವಾಗಿ ಮೇಲೇರುತ್ತಾನೆ. ಇಬ್ಬರಿಗೂ ಅದು ಸಿಕ್ಕುವುದಿಲ್ಲ, ಏಕೆಂದರೆ ಆ ಸ್ತಂಭವೇ ಶಿವ. ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯದಲ್ಲಾದರೋ ವಿಷ್ಣು ದೇವಿಯ ರೂಪವೇ ಆದ ಯೋಗನಿದ್ರೆಯ ವಶದಲ್ಲಿದ್ದಾನೆ. ಮಧುಕೈಟಭರೆಂಬ ಅಸುರರಿಗೆ ಹೆದರಿದ ಬ್ರಹ್ಮನು ದೇವಿಯನ್ನು ಸ್ತುತಿಸುತ್ತಾ, ವಿಷ್ಣುವಿಗೂ ತನಗೂ ಈಶಾನನಿಗೂ, ಅಂದರೆ ಶಿವನಿಗೂ, ಶರೀರವನ್ನು ಕೊಟ್ಟವಳು ನೀನೇ ಎನ್ನುತ್ತಾನೆ.

ಇವು ಪಂಥಗಳ ಹಟದಿಂದ ಹುಟ್ಟಿದ ಕಥೆಗಳು, ವೇದದಲ್ಲಿ ಇಂಥ ಭೇದವೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ.

(ಪರದೆ: ಮೂರು ಮಂತ್ರಗಳು ಒಂದರ ಕೆಳಗೊಂದು)

ಶ್ವೇತಾಶ್ವತರ ಉಪನಿಷತ್ತು "ಏಕೋ ಹಿ ರುದ್ರಃ" ಎನ್ನುತ್ತದೆ: ರುದ್ರನೊಬ್ಬನೇ, ಎರಡನೆಯವನಿಲ್ಲ. ಮಹಾನಾರಾಯಣ ಉಪನಿಷತ್ತು ನಾರಾಯಣನೇ ಪರಬ್ರಹ್ಮ ಎನ್ನುತ್ತದೆ. ಎರಡೂ ಕೃಷ್ಣಯಜುರ್ವೇದಕ್ಕೇ ಸೇರಿದವು. ಅಷ್ಟೇ ಅಲ್ಲ, ಅದೇ ಮಹಾನಾರಾಯಣದಲ್ಲಿ "ಸರ್ವೋ ವೈ ರುದ್ರಃ", ಎಲ್ಲವೂ ರುದ್ರನೇ, ಎಂಬ ಮಂತ್ರವೂ ಇದೆ. ಇನ್ನೂ ಹಿಂದೆ, ಋಗ್ವೇದದ ಎರಡನೆಯ ಮಂಡಲದ ಮೊದಲ ಸೂಕ್ತವು ಅಗ್ನಿಯನ್ನೇ ಇಂದ್ರ, ವಿಷ್ಣು, ವರುಣ, ರುದ್ರ ಎಂದು ಕರೆಯುತ್ತದೆ. ಸ್ತುತಿಸುವ ಹೊತ್ತಿಗೆ ಎದುರಿಗಿರುವ ದೇವತೆಯೇ ಸರ್ವಸ್ವವೆನ್ನುವ ಈ ರೀತಿ ಹೀಗೆ ಬಹಳ ಹಳೆಯದು.

ಆಚಾರ್ಯರಿಗೆ ಇದು ನಿಜವಾದ ಸಮಸ್ಯೆಯಾಗಿತ್ತು, ಏಕೆಂದರೆ ವೇದದ ಯಾವ ವಾಕ್ಯವನ್ನೂ ಅವರು ಸುಳ್ಳೆಂದು ಬದಿಗಿಡುವಂತಿರಲಿಲ್ಲ. ಶಂಕರರ ಪ್ರಕಾರ ಹೆಸರು ರೂಪಗಳುಳ್ಳ ಈಶ್ವರನು ಉಪಾಸನೆಗೆ. ಪರಮಾರ್ಥದಲ್ಲಿ ಬ್ರಹ್ಮ ನಿರ್ಗುಣ, ಅಂದರೆ ಯಾವ ಗುಣವೂ ಇಲ್ಲದ್ದು. ರಾಮಾನುಜರು ಎಲ್ಲ ದೇವತೆಗಳೂ ನಾರಾಯಣನ ಶರೀರವೆಂದರು. ಆದ್ದರಿಂದ ಯಾವ ಹೆಸರಿನಿಂದ ಕರೆದರೂ ಅದು ಒಳಗಿರುವ ಆತ್ಮನನ್ನೇ ಮುಟ್ಟುತ್ತದೆ. ಮಧ್ವರು ಮತ್ತೂ ಮುಂದೆ ಹೋಗಿ, ರುದ್ರ, ಇಂದ್ರ ಮುಂತಾದ ಶಬ್ದಗಳು ಮುಖ್ಯಾರ್ಥದಲ್ಲಿ ವಿಷ್ಣುವನ್ನೇ ಹೇಳುತ್ತವೆ, ಉಳಿದ ದೇವತೆಗಳಿಗೆ ಅವು ಅಮುಖ್ಯವಾಗಿ ಸಲ್ಲುತ್ತವೆ ಎಂದು ಸಾಧಿಸಿದರು. ದೇವತಾ ತಾರತಮ್ಯವೂ, ಅಂದರೆ ದೇವತೆಗಳಲ್ಲಿ ಮೇಲು ಕೆಳಗೆಂಬ ಕ್ರಮವೂ, ಅವರ ಸಿದ್ಧಾಂತದ ಅಂಗವೇ. ಈ ಮೂವರೂ ಭಾಷ್ಯ ಬರೆದ, ಉಪನಿಷತ್ತುಗಳ ವಿಚಾರವನ್ನು ಸೂತ್ರರೂಪದಲ್ಲಿ ಹೇಳುವ ಬ್ರಹ್ಮಸೂತ್ರಗಳಿಗೇ ಶ್ರೀಕಂಠರು ಶಿವಪರವಾದ ಭಾಷ್ಯ ಬರೆದರು, ಅದಕ್ಕೆ 16ನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು ವ್ಯಾಖ್ಯಾನ ಬರೆದರು. ವೀರಶೈವ ಪಕ್ಷದಿಂದ ಶ್ರೀಪತಿ ಪಂಡಿತರ ಶ್ರೀಕರಭಾಷ್ಯವಿದೆ.

ಪುರಾಣಗಳಲ್ಲಿ ಬರುವ ನಿಂದೆಯ ಮಾತುಗಳಿಗೆ ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಮೀಮಾಂಸಕರ ಒಂದು ನ್ಯಾಯ, ಅಂದರೆ ನಿಯಮ, ನೆರವಾಗುತ್ತದೆ. ಅದನ್ನು "ನ ಹಿ ನಿಂದಾ" ನ್ಯಾಯವೆನ್ನುತ್ತಾರೆ: ನಿಂದೆಯ ಉದ್ದೇಶ ಒಂದನ್ನು ಹಳಿಯುವುದಲ್ಲ, ಇನ್ನೊಂದನ್ನು ಹೊಗಳುವುದು. ಭೃಗುವಿನ ಕಥೆಗೂ ಅಗ್ನಿಸ್ತಂಭದ ಕಥೆಗೂ ಇದು ಚೆನ್ನಾಗಿ ಹೊಂದುತ್ತದೆ. ಆದರೆ "ರುದ್ರನೊಬ್ಬನೇ" ಎಂಬಲ್ಲಿ ಯಾರ ನಿಂದೆಯೂ ಇಲ್ಲ. ಅಲ್ಲಿ ಈ ನ್ಯಾಯಕ್ಕೆ ಕೆಲಸವಿಲ್ಲ, ಸಿದ್ಧಾಂತವೇ ಬೇಕು. ಎಲ್ಲ ದೇವರೂ ಒಂದೇ ಎಂದು ಸುಲಭವಾಗಿ ಹೇಳಿ ಮುಗಿಸುವುದು ಶತಮಾನಗಳ ಕಾಲ ನಡೆದ ಈ ಗಂಭೀರ ವಿಚಾರಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

(ಪರದೆ: ಬೇಲೂರು ಚೆನ್ನಕೇಶವ ದೇವಾಲಯ)

ಬೇಲೂರಿನ ಶಾಸನದಲ್ಲಿರುವ ಪ್ರಸಿದ್ಧ ಶ್ಲೋಕವನ್ನು ಸಮನ್ವಯಕ್ಕೆ ಸಾಕ್ಷಿಯಾಗಿ ಆಗಾಗ ಉದಾಹರಿಸುತ್ತಾರೆ. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ತರ್ಕಶಾಸ್ತ್ರದ ನೈಯಾಯಿಕರು ಜಗತ್ತಿನ ಕರ್ತನೆಂದು, ಜೈನರು ಅರ್ಹಂತನೆಂದು, ಮೀಮಾಂಸಕರು ಕರ್ಮವೆಂದು ಯಾರನ್ನು ಉಪಾಸಿಸುತ್ತಾರೋ ಅವನು ಇಷ್ಟಾರ್ಥವನ್ನು ಕೊಡಲಿ ಎಂದು ಅದು ಹಾರೈಸುತ್ತದೆ. ಆರು ಮತಗಳನ್ನೂ ಗೌರವದಿಂದ ಹೆಸರಿಸಿದ ಆ ಕವಿ, ಇಷ್ಟೆಲ್ಲ ಹೆಸರುಗಳಿಂದ ಕರೆಸಿಕೊಳ್ಳುವವನು ಕೇಶವನೇ ಎಂದೂ ಅದೇ ಶ್ಲೋಕದಲ್ಲಿ ಹೇಳಿದ್ದಾನೆ.